'ಮುಟ್ಟಬೇಡಿ' ಅನ್ನುವ ಕೋಟೆಗಳೇ, ಒಂದು ಕೋವಿ ನಮ್ಮ ಕೈಗೂ ಕೊಡಿ

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ತೋರಿಸಿದರೆ ಸಾಕು, ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಯಾಕೆಂದರೆ ಒನಕೆ ಏನು ಅಂತ ನಮಗೆ ಗೊತ್ತು. ನಮ್ಮ ಅಜ್ಜಿಯರು ಅದನ್ನು ಎತ್ತಿ ಎತ್ತಿ ಭತ್ತ ಕುಟ್ಟಿದವರು. ಅದರ ಭಾರ ಎಷ್ಟು, ಹತ್ತು ಸಲ ಎತ್ತಿದರೆ ರಟ್ಟೆ ಎಷ್ಟು ನೋಯುತ್ತದೆ ಅನ್ನುವುದು ನಮ್ಮ ಮನೆಗಳಿಗೆ ಗೊತ್ತಿರುವ ವಿಷಯ. ಹಾಗಾಗಿ ಆ ಹೆಣ್ಣುಮಗಳು ಮಾಡಿದ್ದು ಎಂಥ ಕೆಲಸ ಅನ್ನುವುದು ತಲೆಗಿಂತ ಮೊದಲು ಮೈಗೆ ಅರ್ಥವಾಗುತ್ತದೆ.

ಅದೇ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳಿವೆ. ದೊಡ್ಡ ಗುಂಡಿಯೊಳಗೆ ನಾಲ್ಕು ಭಾರೀ ಕಲ್ಲುಗಳು. ಜನ ಬಗ್ಗಿ ನೋಡುತ್ತಾರೆ, ಒಂದು ಫೋಟೊ ಹೊಡೆಯುತ್ತಾರೆ, ಮುಂದೆ ಹೋಗುತ್ತಾರೆ. ಮದ್ದು ಅಂದರೆ ಏನು, ಅದಕ್ಕೆ ಏನೇನು ಬೆರೆಸುತ್ತಿದ್ದರು, ಬೀಸುವಾಗ ಕಿಡಿ ಹಾರಿದರೆ ಏನಾಗುತ್ತಿತ್ತು, ಬೀಸಿದವರು ಯಾರು, ಆ ಮದ್ದು ಸೇರುತ್ತಿದ್ದ ಕೋವಿ ಎಷ್ಟು ಉದ್ದ? ಒಂದೂ ಗೊತ್ತಾಗುವುದಿಲ್ಲ. ಓಬವ್ವನ ಒನಕೆ ನಮ್ಮ ಕೈಗೆ ಸಿಕ್ಕಿತ್ತು, ಸಿಪಾಯಿಯ ಕೋವಿ ಎಂದೂ ಸಿಗಲಿಲ್ಲ. ಇಷ್ಟೇ ವ್ಯತ್ಯಾಸ.

ನನ್ನ ಮಾತು ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಕೋಟೆಗಳಲ್ಲಿ ಹಳೆ ಕಾಲದ ಕೋವಿಗಳ ಪ್ರತಿಕೃತಿಯನ್ನು ನೋಡಲು ಬಂದವರ ಕೈಗೆ ಕೊಡಬೇಕು. ಗುಂಡಿಲ್ಲದೆ, ಮದ್ದಿಲ್ಲದೆ. ಪಕ್ಕದಲ್ಲಿ ಹೇಳಿಕೊಡಲು ಆ ಊರಿನವರೇ ಒಬ್ಬರು ನಿಂತಿರಬೇಕು, ಅವರಿಗೆ ಸಂಬಳ ಸಿಗಬೇಕು. ಇದನ್ನು ಹೇಳಿದರೆ ಎರಡು ಕಡೆಯಿಂದಲೂ ಬೈಗುಳ ಬರುತ್ತದೆ. ಒಂದು ಕಡೆಯವರಿಗೆ ಕೋವಿ ಅಂದ ಕೂಡಲೇ ಹೆದರಿಕೆ. ಇನ್ನೊಂದು ಕಡೆಯವರು 'ಹಾಗಿದ್ದರೆ ನಿಜವಾದ ಗುಂಡೇ ಹಾರಿಸೋಣ, ಟಿಕೆಟ್ ಇಡೋಣ' ಅನ್ನುತ್ತಾರೆ. ನನಗೆ ಇಬ್ಬರ ಮೇಲೂ ಜಗಳವಿದೆ.

ಈಗ ನಮ್ಮಲ್ಲಿ ಏನಿದೆ ನೋಡಿ. ಕೋಟೆ ಬಾಗಿಲ ಹತ್ತಿರ ಒಂದು ತೋಪು. ಅದರ ಮೇಲೆ ಮಕ್ಕಳನ್ನು ಕುದುರೆಯ ಹಾಗೆ ಕೂರಿಸಿ ಫೋಟೊ. ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ನಾಲ್ಕು ಬಂದೂಕು, ಕೆಳಗೆ 'ಬಂದೂಕು' ಅಂತ ಒಂದು ಚೀಟಿ. ಬಂದೂಕು ಅಂತ ನಮಗೂ ಕಾಣುತ್ತದಲ್ಲ! ಒಂದು ಮ್ಯೂಸಿಯಮ್ಮಿನಲ್ಲಿ, ಹೆಸರು ಬೇಡ, ನಾನು ಕಾವಲಿನವರನ್ನು 'ಅಣ್ಣ, ಇದು ಬತ್ತಿ ಹಚ್ಚಿ ಹೊಡೆಯೋದೋ, ಕಲ್ಲು ಕಿಡಿದೋ?' ಅಂತ ಕೇಳಿದೆ. 'ಅದೆಲ್ಲ ಗೊತ್ತಿಲ್ಲಪ್ಪ, ಗಾಜು ಮುಟ್ಟಬೇಡ' ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗುತ್ತಿಗೆ ಮೇಲೆ ಬಂದವರಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಅವರಿಗೆ ಕೊಟ್ಟ ಕೆಲಸ ಒಂದೇ, ಮುಟ್ಟಬೇಡಿ ಅನ್ನುವುದು.

ಹೊಸನಗರ ತಾಲ್ಲೂಕಿನ ನಗರ ಕೋಟೆಯ ವಿಷಯಕ್ಕೆ ಬನ್ನಿ. ಕೆಳದಿ ಅರಸರ ಬಿದನೂರು ಅದು. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರವಾಗಿ, ಕೊನೆಗೆ ಬರೀ ನಗರ ಆಯಿತು. 2018ರಲ್ಲಿ ಅಲ್ಲಿನ ಒಂದು ಪಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಅಷ್ಟೇ. ಬಾವಿಯ ಕೆಸರೇ ಮದ್ದಿನ ವಾಸನೆ ಹೊಡೆಯುತ್ತಿತ್ತು ಅಂತ ಆಗ ಪೇಪರಿನಲ್ಲಿ ಬಂದಿತ್ತು. ಮೈಸೂರಿನ ಈ ಕಬ್ಬಿಣದ ಕೊಳವೆಯ ರಾಕೆಟ್ಟುಗಳೇ ಇಂಗ್ಲಿಷರ ನಿದ್ದೆ ಕೆಡಿಸಿದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವುಗಳ ಮಾದರಿಯನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅನ್ನುವವನು ಅದನ್ನು ನೋಡಿ ತನ್ನ ರಾಕೆಟ್ ಮಾಡಿದ.

ಇಷ್ಟು ದೊಡ್ಡ ವಿಷಯ ಸಿಕ್ಕ ಊರಿಗೆ ಬಂದದ್ದೇನು? ಎರಡು ದಿನ ಟಿವಿಯವರು ಬಂದರು. ಕೊಳವೆಗಳನ್ನು ಶಿವಮೊಗ್ಗಕ್ಕೆ ಒಯ್ದರು. ಒಯ್ಯಲೇಬೇಕು, ಅದು ಸರಿ. ತುಕ್ಕು ಹಿಡಿದ ಕಬ್ಬಿಣವನ್ನು ಮಳೆಗೆ ಬಿಡಲಾಗದು, ಒಳಗೆ ಮದ್ದು ಉಳಿದಿದ್ದ ವಸ್ತುವನ್ನು ಮಕ್ಕಳ ಕೈಗೆ ಕೊಡಲೂ ಆಗದು. ಆದರೆ ಅದೇ ಅಳತೆಯ ಒಂದು ಕೊಳವೆಯನ್ನು ಊರಿನ ಕಮ್ಮಾರರ ಹತ್ತಿರ ಹೊಡೆಸಿ, ಉದ್ದ ಬಿದಿರಿಗೆ ತೊಗಲಿನ ದಾರದಿಂದ ಕಟ್ಟಿ, ಕೋಟೆ ಬಾಗಿಲಲ್ಲಿ ಇಡಲು ಏನು ಕಷ್ಟ? ಬಂದವರು ಹೆಗಲ ಮೇಲೆ ಹೊತ್ತು ನೋಡಲಿ. ಇಂಥದ್ದನ್ನು ಹೊತ್ತು ಓಡಿದವನ ಕಷ್ಟ ಹತ್ತು ಹೆಜ್ಜೆಗೆ ಗೊತ್ತಾಗುತ್ತದೆ.

(ಟಿಪ್ಪು ಹೆಸರು ಬಂದ ಕೂಡಲೇ ಕೆಲವರು ಫೋನ್ ಕೆಳಗಿಡುತ್ತಾರೆ, ಕೆಲವರು ಎದ್ದು ಕೂರುತ್ತಾರೆ. ಆ ಜಗಳ ಬೇರೆ ಕಡೆ ಆಡಿ. ಆ ಕೊಳವೆಯನ್ನು ಟಿಪ್ಪು ಕೂತು ಬಡಿದಿಲ್ಲ. ಬೆಂಕಿಯ ಮುಂದೆ ಕೂತು ಬಡಿದದ್ದು ಕಮ್ಮಾರರು. ಅವರ ಹೆಸರು ಯಾವ ಜಯಂತಿಯಲ್ಲೂ ಇಲ್ಲ.)

ಶ್ರೀರಂಗಪಟ್ಟಣದಲ್ಲಿ 2017ರಲ್ಲಿ ಇನ್ನೊಂದು ಸಾಹಸ ನಡೆಯಿತು. ಜೋಡಿ ಹಳಿಗೆ ಅಡ್ಡ ಬಂತೆಂದು ಸುಮಾರು 1000 ಟನ್ ತೂಕದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ಸುಮಾರು 130 ಮೀಟರ್ ಆಚೆ ಸರಿಸಿದರು. ಭಲೇ ಅನ್ನಬೇಕಾದ ಕೆಲಸ. ಆದರೆ ನನ್ನ ಪ್ರಶ್ನೆ ಇದು. 1000 ಟನ್ ಕಟ್ಟಡ ಎತ್ತುವಷ್ಟು ಶಕ್ತಿ ಇರುವ ನಮಗೆ, ನಾಲ್ಕೂವರೆ ಕಿಲೋ ಕೋವಿಯೊಂದನ್ನು ಹಳ್ಳಿಯ ಹುಡುಗಿಯ ಕೈಗೆ ಎತ್ತಿ ಕೊಡಲು ಯಾಕೆ ಆಗುವುದಿಲ್ಲ?

ಬೇರೆ ಕಡೆ ಹೇಗೆ ಮಾಡುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕೆನಡಾದ ಪೂರ್ವ ತುದಿಯಲ್ಲಿ ಕೇಪ್ ಬ್ರೆಟನ್ ಅನ್ನುವ ದ್ವೀಪ ಇದೆ. ಅಲ್ಲಿ ಲೂಯಿಬರ್ಗ್ ಅನ್ನುವ ಕೋಟೆ ಊರು. 1713ರಲ್ಲಿ ಫ್ರೆಂಚರು ನೆಲೆ ನಿಂತ ಜಾಗ. ಇಂಗ್ಲಿಷರು ಅದನ್ನು 1745ರಲ್ಲಿ ಒಮ್ಮೆ, 1758ರಲ್ಲಿ ಇನ್ನೊಮ್ಮೆ ಗೆದ್ದರು. ಮತ್ತೆ ಯಾರೂ ಬಳಸಬಾರದೆಂದು 1760ರಲ್ಲಿ ಗೋಡೆಗಳನ್ನು ಉಡಾಯಿಸಿದರು. ಆಮೇಲೆ ಇನ್ನೂರು ವರ್ಷ ಅದು ಹುಲ್ಲು ಬೆಳೆದ ದಿಬ್ಬ. ನಮ್ಮ ಎಷ್ಟೋ ಕೋಟೆಗಳ ಹಾಗೆಯೇ.

ಆ ದ್ವೀಪದ ಜನ ಬದುಕಿದ್ದು ಕಲ್ಲಿದ್ದಲು ಗಣಿಯಿಂದ. 1950ರ ದಶಕದ ಹೊತ್ತಿಗೆ ಗಣಿಗಳು ಒಂದೊಂದಾಗಿ ಕುಸಿಯತೊಡಗಿದವು, ಕೆಲಸ ಹೋಯಿತು. 1961ರಲ್ಲಿ ಅಲ್ಲಿನ ಸರಕಾರ ಈ ಕೋಟೆಯ ಒಂದು ಭಾಗವನ್ನು ಮತ್ತೆ ಕಟ್ಟಲು ಹೊರಟಿತು. ಕಟ್ಟಿದವರು ಯಾರು ಗೊತ್ತೇ? ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರು. ಅವರಿಗೆ ಕಲ್ಲು ಕೆತ್ತುವುದು, ಗಾರೆ, ಮರಗೆಲಸ ಕಲಿಸಿದರು. ಹಳೆ ಊರಿನ ಸುಮಾರು ಕಾಲು ಭಾಗ ಎದ್ದು ನಿಂತಿತು. ಇವತ್ತು ಅಲ್ಲಿ ಸಿಪಾಯಿ, ಅಡುಗೆಯವಳು, ಮೀನು ವ್ಯಾಪಾರಿಯ ವೇಷದಲ್ಲಿ ನಿಂತು 1744ರ ಬದುಕನ್ನು ತೋರಿಸುತ್ತಾರೆ. ಬಯಸಿದವರು ಶುಲ್ಕ ಕೊಟ್ಟರೆ ಆ ಕಾಲದ ಮಾದರಿಯ ಕೋವಿ ಹಿಡಿಯುವುದನ್ನು ಕಲಿಸಿ, ಗುಂಡಿಲ್ಲದೆ ಬರೀ ಮದ್ದು ತುಂಬಿ ಹಾರಿಸಲೂ ಬಿಡುತ್ತಾರೆ.

ಕೆನಡಾ ಶ್ರೀಮಂತ ದೇಶ, ನಮಗೆಲ್ಲಿ ಆಗುತ್ತದೆ ಅನ್ನಬೇಡಿ. ನಾನು ಕೋಟೆ ಕಟ್ಟಿ ಅನ್ನುತ್ತಿಲ್ಲ. ನಮ್ಮ ಕೋಟೆಗಳು ನಿಂತೇ ಇವೆ! ನಾನು ನೋಡಿ ಅಂದದ್ದು ಆ ಯೋಚನೆಯ ಬೇರನ್ನು. ಇತಿಹಾಸ ಇರುವ ಊರಿನಲ್ಲಿ ಕೆಲಸವಿಲ್ಲದ ಜನ ಇದ್ದರೆ, ಆ ಇತಿಹಾಸವೇ ಅವರಿಗೆ ಕೆಲಸ ಕೊಡಬೇಕು.

ಇನ್ನು ಕೋವಿ ಕೈಗೆ ಬಂದರೆ ಏನು ಗೊತ್ತಾಗುತ್ತದೆ ಅನ್ನುವುದು. ಸಿನಿಮಾದಲ್ಲಿ ನಾಯಕ ಒಂದೇ ಕೈಯಲ್ಲಿ ಹತ್ತು ಜನರನ್ನು ಹೊಡೆದುರುಳಿಸುತ್ತಾನೆ. ಐತಿಹಾಸಿಕ ಚಿತ್ರವಾದರೂ ಅಷ್ಟೇ. ನಿಜವಾದ ಚಕಮಕಿ ಕಲ್ಲಿನ ಕೋವಿ ಸುಮಾರು ಐದು ಅಡಿ ಉದ್ದ. ಒಂದು ಈಡು ಹೊಡೆಯಲು ಮಾಡಬೇಕಾದ ಕೆಲಸ ಕೇಳಿ. ಮೊದಲು ಕುದುರೆಯನ್ನು, ಅಂದರೆ ಕಲ್ಲು ಹಿಡಿದಿರುವ ಸುತ್ತಿಗೆಯಂಥ ಭಾಗವನ್ನು, ಅರ್ಧ ಎತ್ತಬೇಕು. ಮದ್ದಿನ ಕಾಗದದ ಪೊಟ್ಟಣವನ್ನು ಹಲ್ಲಲ್ಲಿ ಕಚ್ಚಿ ಹರಿಯಬೇಕು. ಬಾಯಿಗೆ ಉಪ್ಪು ಉಪ್ಪು ರುಚಿ, ಯಾಕೆಂದರೆ ಮದ್ದಿನಲ್ಲಿ ಹೆಚ್ಚಿನ ಪಾಲು ಪೆಟ್ಲುಪ್ಪು. ಉಳಿದದ್ದು ಇದ್ದಿಲು, ಗಂಧಕ. ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಬೇಕು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಉಳಿದ ಮದ್ದನ್ನು ನಳಿಗೆಗೆ ಸುರಿಯಬೇಕು. ಗುಂಡು ಹಾಕಬೇಕು. ಸಲಾಕೆ ಎಳೆದು ಜಡಿಯಬೇಕು, ಸಲಾಕೆಯನ್ನು ಮತ್ತೆ ಜಾಗಕ್ಕೆ ಸೇರಿಸಬೇಕು. ಆಮೇಲೆ ಕುದುರೆ ಪೂರ್ತಿ ಎತ್ತಿ, ಗುರಿ ಹಿಡಿದು, ಟ್ರಿಗರ್ ಒತ್ತಬೇಕು.

ಆಗಲೂ ಹಾರುತ್ತದೆ ಅನ್ನುವ ಖಾತ್ರಿ ಇಲ್ಲ. ಕಲ್ಲು ಸವೆದಿದ್ದರೆ ಕಿಡಿ ಬರುವುದಿಲ್ಲ. ಮಳೆ ಹನಿ ಬಟ್ಟಲಿಗೆ ಬಿದ್ದರೆ ಮುಗಿಯಿತು. ಕೆಲವು ಸಲ ಬಟ್ಟಲಿನ ಮದ್ದು ಮಾತ್ರ ಭುಗ್ ಅಂದು, ಒಳಗಿನದು ಹೊತ್ತಿಕೊಳ್ಳುವುದೇ ಇಲ್ಲ. ಚೆನ್ನಾಗಿ ಪಳಗಿದ ಸಿಪಾಯಿಯೂ ನಿಮಿಷಕ್ಕೆ ಮೂರು ಈಡು ಹೊಡೆದರೆ ಹೆಚ್ಚು. ನೂರು ಮೀಟರ್ ದಾಟಿದರೆ ಒಬ್ಬ ಮನುಷ್ಯನಿಗೆ ಗುರಿ ತಾಗುವುದು ಅದೃಷ್ಟ. ಎರಡು ಸುತ್ತು ಮುಗಿಯುವುದರೊಳಗೆ ಹೊಗೆಯಲ್ಲಿ ಎದುರಿಗೆ ಯಾರಿದ್ದಾರೆ ಅಂತಲೇ ಕಾಣದು. ಇಷ್ಟೆಲ್ಲವನ್ನೂ ಎದುರಿನಿಂದ ಕುದುರೆ ಸವಾರರು ನುಗ್ಗಿ ಬರುತ್ತಿರುವಾಗ, ಸಂಬಳ ಬಾಕಿ ಇರುವಾಗ, ಹೊಟ್ಟೆ ಹಸಿದಿರುವಾಗ ಮಾಡಬೇಕು.

ಖಾಲಿ ಪ್ರತಿಕೃತಿ ಹಿಡಿದು ಈ ಕೆಲಸವನ್ನು ಒಂದು ಸಲ ಮಾಡಿ ನೋಡಿದ ಹುಡುಗನಿಗೆ ಯುದ್ಧ ಅಂದರೆ ಮೋಜು ಅನ್ನಿಸುವುದಿಲ್ಲ. ಐದನೇ ಸಲಕ್ಕೆ ತೋಳು ನಡುಗತೊಡಗುತ್ತದೆ. 'ಕೋವಿ ಕೊಟ್ಟರೆ ಮಕ್ಕಳು ಹಾಳಾಗುತ್ತಾರೆ' ಅನ್ನುವವರಿಗೆ ನನ್ನ ಉತ್ತರ ಇದೇ. ಮಕ್ಕಳ ಕೈಯಲ್ಲಿ ಈಗಾಗಲೇ ಕೋವಿ ಇದೆ, ಫೋನಿನ ಆಟದಲ್ಲಿ. ಅದಕ್ಕೆ ಭಾರ ಇಲ್ಲ, ಅದು ಕೈಕೊಡುವುದಿಲ್ಲ, ಸತ್ತವನು ಮತ್ತೆ ಎದ್ದು ಬರುತ್ತಾನೆ. ಅಂಥದ್ದಕ್ಕೆ ಯಾರೂ 'ಮುಟ್ಟಬೇಡಿ' ಬೋರ್ಡು ಹಾಕಿಲ್ಲ.

ನಮ್ಮ ಮಲೆನಾಡಿನವರಿಗೆ ಇದು ಅಷ್ಟು ದೂರದ ವಿಷಯವೂ ಅಲ್ಲ. ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂಟಿ ನಳಿಗೆ ಕೇಪಿನ ಕೋವಿ ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿದೆ. ಬಾಯಿಯಿಂದ ಮದ್ದು, ಚರೆ ತುಂಬಿ ಜಡಿಯುವ ಕೋವಿ. ಅಂದರೆ ನೂರೈವತ್ತು ವರ್ಷದ ಹಿಂದಿನ ವಿದ್ಯೆ ನಮ್ಮ ಊರಿನಲ್ಲಿ ಇನ್ನೂ ಜೀವಂತ ಇದೆ. ನಮ್ಮ ದೊಡ್ಡಪ್ಪನಿಗೆ ಆಷಾಢದ ತಂಡಿಯಲ್ಲಿ ಮದ್ದು ಹೇಗೆ ಬೆಚ್ಚಗಿಡಬೇಕು, ಹಾರದೆ ಉಳಿದ ಈಡಿನ ಕೋವಿಯನ್ನು ಎಷ್ಟು ಹೊತ್ತು ಯಾವ ಕಡೆ ತಿರುಗಿಸಿ ಹಿಡಿಯಬೇಕು ಅನ್ನುವುದೆಲ್ಲ ಬಾಯಿಪಾಠ. ಅವರನ್ನು ಇದುವರೆಗೆ ಯಾವ ಇಲಾಖೆಯೂ ಒಂದು ಮಾತು ಕೇಳಿಲ್ಲ. ಇಲಾಖೆಗೆ ಅವರ ನೆನಪಾಗುವುದು ಚುನಾವಣೆ ಬಂದಾಗ. 'ಕೋವಿ ತಂದು ಠಾಣೆಗೆ ಒಪ್ಪಿಸಿ' ಅಂತ ನೋಟಿಸು ಬರುತ್ತದೆ. ಆ ಹೊತ್ತಿಗೆ ಮಂಗ, ಹಂದಿಗಳಿಗೂ ನೀತಿ ಸಂಹಿತೆ ಜಾರಿಯಾಗಿದ್ದರೆ ಚೆನ್ನಾಗಿತ್ತು. ಹತ್ತು ಹದಿನೈದು ವರ್ಷ ಹೋದರೆ ಈ ವಿದ್ಯೆ ಗೊತ್ತಿರುವ ತಲೆಮಾರೇ ಇರುವುದಿಲ್ಲ. ಆಮೇಲೆ ಕೋಟೆಯಲ್ಲಿ ಹೇಳಿಕೊಡಲು ಯಾರನ್ನು ಕರೆಯುತ್ತೀರಿ?

ಕೊಡಗಿನವರು ಈ ವಿಷಯದಲ್ಲಿ ನಮಗಿಂತ ಮುಂದೆ. ಕೈಲ್‌ಪೊಳ್ದಿನ ದಿನ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿ ಹಿಡಿದಿದೆ. ಅಲ್ಲಿ ಕೋವಿ ಮನೆಯ ಮರ್ಯಾದೆಯ ವಸ್ತು. ಕೈಯಲ್ಲಿ ಹಿಡಿದು ಬೆಳೆದವರಿಗೆ ಅದರ ಮೇಲೆ ಇರುವುದು ಮೋಜಲ್ಲ, ಎಚ್ಚರ.

ಈಗ ಇನ್ನೊಂದು ಕಡೆಯವರ ಜತೆ ಜಗಳ. ನಿಜವಾದ ಗುಂಡೇ ಹಾರಿಸಲು ಬಿಡಿ ಅನ್ನುವವರು ಅಮೆರಿಕದ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ತೋರಿಸುತ್ತಾರೆ. ಹಳೆ ಊರನ್ನು ಹಾಗೇ ಕಾಪಾಡಿಟ್ಟ ಜಾಗ ಅದು, 1715ರ ಮದ್ದಿನ ಮನೆ ಇನ್ನೂ ನಿಂತಿದೆ. 2016ರಲ್ಲಿ ಅಲ್ಲಿ ಒಂದು ಗುರಿ ಅಭ್ಯಾಸದ ಜಾಗ ತೆರೆದರು. ದೊಡ್ಡ ಮೊತ್ತ ಕೊಟ್ಟರೆ ಹಳೆ ಮಾದರಿಯ ಕೋವಿಗೆ ನಿಜವಾದ ಗುಂಡು ತುಂಬಿ ಹೊಡೆಯಬಹುದು. ಅವರ ದೇಶ, ಅವರ ಕಾನೂನು. ಆದರೆ ಆ ಹಾದಿ ನಮಗೆ ಬೇಡ. ನಮ್ಮ ಕೋಟೆಗಳ ಒಳಗೆ ದೇವಸ್ಥಾನ ಇದೆ, ದರ್ಗಾ ಇದೆ, ದನ ಮೇಯುತ್ತವೆ, ಎಷ್ಟೋ ಕಡೆ ಊರೇ ಇದೆ. ಶ್ರೀರಂಗಪಟ್ಟಣದ ಕೋಟೆಯೊಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಅಲ್ಲಿ ಗುಂಡು ಹಾರಿಸುವ ಆಟ ಹುಚ್ಚು.

ಇನ್ನೊಂದು ಕಾರಣ ದುಡ್ಡು. ಗುಂಡು ಹಾರಿಸುವುದು ಅಂದ ಕೂಡಲೇ ಟೆಂಡರ್ ಬರುತ್ತದೆ. ಟೆಂಡರ್ ಅಂದ ಕೂಡಲೇ ದೊಡ್ಡ ಊರಿನ ಈವೆಂಟ್ ಕಂಪನಿ ಬರುತ್ತದೆ. ತಲೆಗೆ ಸಾವಿರ ರೂಪಾಯಿ, ರೀಲ್ಸ್ ಮಾಡಲು ರಾಜನ ವೇಷ ಬೇರೆ. ನಮ್ಮ ಹುಡುಗರಿಗೆ ಸಿಗುವುದು ಪಾರ್ಕಿಂಗ್ ಚೀಟಿ ಹರಿಯುವ ಕೆಲಸ. ಊರಿನ ಶಾಲೆಯ ಮಕ್ಕಳು ಆಚೆ ನಿಂತು ಸದ್ದು ಕೇಳಬೇಕು. ಅಂಥದ್ದು ಬರುವುದಾದರೆ ಈಗಿನ ಗಾಜಿನ ಪೆಟ್ಟಿಗೆಯೇ ವಾಸಿ.

ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ, ಬಳಕೆ ತಪ್ಪಿದ ಹಳೆ ಮಾದರಿಯ, ರಿಪೇರಿ ಮಾಡಿದರೂ ಹಾರಿಸಲಾಗದ ಆಯುಧಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದೇ ಇದೆ. ಹಾಗಂತ ಅಸಲಿ ಹಳೆ ಕೋವಿಯನ್ನು ಮೇಜಿನ ಮೇಲೆ ಇಡಿ ಅನ್ನುತ್ತಿಲ್ಲ. ಅದು ಪುರಾತನ ವಸ್ತು, ಅದರ ಜಾಗ ಮ್ಯೂಸಿಯಂ. ನಳಿಗೆಯೊಳಗೆ ಕಬ್ಬಿಣ ತುಂಬಿ ಬೆಸೆದ ಪ್ರತಿಕೃತಿ ಸಾಕು. ಜಿಲ್ಲಾಧಿಕಾರಿಗಳಿಂದ, ಪೊಲೀಸರಿಂದ ಲಿಖಿತ ಒಪ್ಪಿಗೆ ಪಡೆದು ಮಾಡಲಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟಡ ಕಟ್ಟಬಾರದು ಅನ್ನುತ್ತಾರೆ. ಕಟ್ಟಡ ಯಾರಿಗೆ ಬೇಕು? ಒಂದು ಮೇಜು, ಒಂದು ಶಾಮಿಯಾನ, ಮೂರು ಪ್ರತಿಕೃತಿ, ಇಬ್ಬರು ಮನುಷ್ಯರು.

ಮದ್ದಿನ ಸದ್ದು, ಹೊಗೆ ಬೇಕೇ ಬೇಕು ಅನ್ನುವವರಿಗೂ ದಾರಿ ಇದೆ. ಮೈಸೂರು ದಸರೆಗೆ 21 ಕುಶಾಲತೋಪು ಹಾರಿಸಲು ಪೊಲೀಸ್ ಸಿಬ್ಬಂದಿ ಮುಂಚಿನಿಂದಲೇ ತಾಲೀಮು ಮಾಡುತ್ತಾರೆ. ಆನೆ, ಕುದುರೆಗಳನ್ನು ಸದ್ದಿಗೆ ಒಗ್ಗಿಸಲು ಮೈದಾನದಲ್ಲಿ ತೋಪು ಹಾರಿಸಿ ನೋಡುತ್ತಾರೆ. ಅಂದರೆ ಹಳೆ ತೋಪಿಗೆ ಮದ್ದು ತುಂಬಿ, ಹಾರಿಸಿ, ಕಿಡಿ ಉಳಿಯದಂತೆ ಒರೆಸಿ, ಮತ್ತೆ ತುಂಬುವ ವಿದ್ಯೆ ನಮ್ಮ ಪೊಲೀಸರ ಹತ್ತಿರ ಇದೆ. ವರ್ಷಕ್ಕೆ ನಾಲ್ಕು ದಿನ ಬೇರೆ ಕೋಟೆಗಳ ಹೊರಗಿನ ಬಯಲಿನಲ್ಲೂ ಅವರೇ ತೋರಿಸಲಿ. ಹಾರಿಸುವುದು ಅವರು, ದೂರದಿಂದ ನೋಡುವುದು ನಾವು.

ಮೇಜಿನ ಹಿಂದೆ ನಿಲ್ಲುವ ಇಬ್ಬರು ಯಾರು ಅನ್ನುವುದೇ ನನಗೆ ಮುಖ್ಯ. ಒಬ್ಬರು ಆ ಊರಿನ ನಿವೃತ್ತ ಸೈನಿಕರಾಗಲಿ. ಆಯುಧದ ಶಿಸ್ತು ಅವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಇನ್ನೊಬ್ಬರು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗಿಯೋ ಹುಡುಗನೋ ಆಗಲಿ, ಇತಿಹಾಸ ಓದಿದವರಾದರೆ ಇನ್ನೂ ಒಳ್ಳೆಯದು. ಪ್ರತಿಕೃತಿ ಮಾಡುವ ಕೆಲಸ ಆ ತಾಲ್ಲೂಕಿನ ಕಮ್ಮಾರರಿಗೆ, ಬಡಗಿಗಳಿಗೆ ಹೋಗಲಿ. ಸ್ಥಳೀಯ ಶಾಲೆಯ ಮಕ್ಕಳಿಗೆ ಶುಲ್ಕ ಬೇಡ. ಈ ನಾಲ್ಕು ಷರತ್ತು ಇಲ್ಲದೆ ಯಾವ ಯೋಜನೆ ಬಂದರೂ ನಾವು ವಿರೋಧಿಸಬೇಕು.

ಎಲ್ಲಿಂದ ಶುರು ಮಾಡುವುದು? ನನ್ನ ಕೇಳಿದರೆ ಕಿತ್ತೂರಿನಿಂದ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಕೋಟೆಯ ಮುಂದೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ ಅನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತು. ಲಾವಣಿ ಇದೆ, ನಾಟಕ ಇದೆ, ಸಿನಿಮಾ ಇದೆ. ಆದರೆ ಬಾಳಪ್ಪನ ಕೈಯಲ್ಲಿದ್ದುದು ಎಂಥ ಕೋವಿ? ಕೇಪಿನ ಕೋವಿ ಆಗಿನ್ನೂ ಊರೂರಿಗೆ ಬಂದಿರಲಿಲ್ಲ. ಉರಿಬತ್ತಿಯದೋ, ಚಕಮಕಿಯದೋ ಇರಬೇಕು. ಒಂದು ಈಡು ತಪ್ಪಿದ್ದರೆ ಮತ್ತೆ ತುಂಬಲು ಅವನಿಗೆ ಎಷ್ಟು ಹೊತ್ತು ಬೇಕಿತ್ತು? ಆ ಹೊತ್ತಿನಲ್ಲಿ ಎದುರಿನವರು ಎಷ್ಟು ಹತ್ತಿರ ಬಂದಿರುತ್ತಿದ್ದರು? ಆ ಭಾರವನ್ನು ಐದು ನಿಮಿಷ ಹೆಗಲಿಗೆ ಒತ್ತಿ ಹಿಡಿದು ನಿಂತ ಬೈಲಹೊಂಗಲದ ಹುಡುಗನಿಗೆ ಬಾಳಪ್ಪ ಬರೀ ನಾಟಕದ ಪಾತ್ರವಾಗಿ ಉಳಿಯುತ್ತಾನೆಯೇ?

ಕಿತ್ತೂರು ಉತ್ಸವ ಪ್ರತಿ ವರ್ಷ ಅದೇ ಅಕ್ಟೋಬರ್ 23ಕ್ಕೆ ಶುರುವಾಗುತ್ತದೆ. ಅದಕ್ಕೂ ಮೊದಲು ಪೂರ್ವಭಾವಿ ಸಭೆ ನಡೆಯುತ್ತದೆ. ಯಾವ ಗಾಯಕರನ್ನು ಕರೆಸಬೇಕು, ಎಷ್ಟು ದೊಡ್ಡ ವೇದಿಕೆ ಹಾಕಬೇಕು ಅನ್ನುವ ಮಾತು ಅಲ್ಲಿ ಹೇಗೂ ಆಗುತ್ತದೆ. ಆ ಕಡೆಯ ಓದುಗರು ಹತ್ತು ಜನ ಹೋಗಿ ಕೂರಿ. ಕೋಟೆಯ ಆವರಣದಲ್ಲಿ ಒಂದು ಮೇಜು, ಮೂರು ಪ್ರತಿಕೃತಿ, ಇಬ್ಬರಿಗೆ ಮೂರು ದಿನದ ಸಂಬಳ ಅಂತ ಬರೆದುಕೊಟ್ಟು, ಸ್ವೀಕೃತಿ ಪಡೆದುಕೊಂಡು ಬನ್ನಿ. ಅರ್ಜಿ ಬರೆಯಲು ಸಹಾಯ ಬೇಕಾದವರು ನಮಗೆ ತಿಳಿಸಿ, ನಾವೇ ಕೂತು ಬರೆದುಕೊಡುತ್ತೇವೆ.